ರೆಕ್ಕಿ ಇಲ್ಲದ ವಿಮಾನ, ಅದರ ಸಿನೆಮಾ ತಗದಾಕಿ

ಹೋದ ವರ್ಷ ಶ್ರಾವಣದಾಗ ನಮ್ಮ ಮನಿಗೆ ಬಂದವರೆಲ್ಲಾ ಒಂದ ಮಾತು ಕೇಳತಿದ್ರು. "ಏನ್ರಿ, ಮನ್ಯಾಗ ಗಿರಣಿ ಹಾಕೀರೇನು?" ಕೇಳೂದರಾಗ ತಪ್ಪಿಲ್ಲ ಬಿಡ್ರಿ. ಪಡಸಾಲಿ ತುಂಬ ಬಿಳಿ ಪುಡಿ. ಟಿವಿ ಮ್ಯಾಲೆ, ಕಿಡಕಿ ಸಂದಿನ್ಯಾಗ, ಒಮ್ಮೊಮ್ಮೆ ಸಾರಿನ್ಯಾಗೂ. ಅದು ಹಿಟ್ಟಲ್ಲ, ಬಾಲ್ಸಾ ಅನ್ನೂ ಕಟಗಿ ಪುಡಿ. ನಮ್ಮ ಸಣ್ಣ ಮಗ ಆ ಕಟಗೀಲೆ ಒಂದು ವಿಮಾನ ಮಾಡಾಕತ್ತಿದ್ದ. ವಿಮಾನ ಅಂದ್ರ ಪೂರ್ತಿ ವಿಮಾನೂ ಅಲ್ಲ, ಅದಕ್ಕ ರೆಕ್ಕಿನ ಇರ್ಲಿಲ್ಲ.

ಹೋದ ಸಲ ಮಾವಿನಕಾಯಿ ಗುಳಂಬದ ಬಗ್ಗೆ ಬರದಾಗ ನಿಮ್ಮೊಳಗ ಕೆಲವರು "ಮುಂದಿನ ಸಲ ಆ ವಿಮಾನದ ಕಥಿ ಬರೀರಿ" ಅಂದಿದ್ರಿ. ಅದಕ್ಕ ಈ ಸಲ ಅಡಗಿ ಬಿಟ್ಟು ಇತಿಹಾಸ ಹಿಡದೀನಿ. ನಾ ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಹಂಗಾಗಿ ನನಗ ತಿಳದಷ್ಟು, ನಿಮಗ ತಿಳಿಯೂವಂಗ ಹೇಳ್ತೀನಿ.

ಮೊದಲ ಮನಿ ಸುದ್ದಿ ಹೇಳಿಬಿಡ್ತೀನಿ, ಇಲ್ಲಾಂದ್ರ ಕಥಿ ಅರ್ಧಾ ಆಗ್ತೈತಿ. ಮಗ ಜೂನ್ ತಿಂಗಳದಾಗ ಬೆಂಗಳೂರಿನ ನೌಕರಿ ಬಿಟ್ಟು ಬಂದಿದ್ದ. ಯಾಕ ಬಿಟ್ಟ ಅನ್ನೂದು ಅವನ ಮಾತು, ಇಲ್ಲೆ ಬ್ಯಾಡ. ನಮ್ಮನಿಯವರು ಮೂವತ್ತನಾಕು ವರ್ಷ ಬಸ್ ಡಿಪೋದಾಗ ಮೆಕ್ಯಾನಿಕ್ ಆಗಿ, ಒಂದು ದಿನಾನೂ ಕೆಲಸ ಬಿಡಬೇಕು ಅನ್ನದ ರಿಟೈರ್ ಆದವರು. ಅವರಿಗೆ ಇದು ತಿಳೀಲೇ ಇಲ್ಲ. ಜಗಳಾನೂ ಆಗ್ಲಿಲ್ಲ. ಜಗಳ ಆಗಿದ್ರ ಛಲೋ ಇತ್ತು. ಇಬ್ಬರೂ ಸುಮ್ಮನಾಗಿಬಿಟ್ರು. "ಅವಗ ಊಟಕ್ಕ ಬಾ ಅನ್ನು." "ಅಪ್ಪಗ ಆಮ್ಯಾಲೆ ಉಣತೀನಂತ ಹೇಳು." ಅಡಗಿಮನಿಯಿಂದ ಪಡಸಾಲಿಗೆ ಹತ್ತು ಹೆಜ್ಜಿ ಇಲ್ಲ, ಆ ಹತ್ತು ಹೆಜ್ಜಿ ನಡುವ ನಾ ಟಪಾಲ ಹಂಚಾಕಿ ಆಗಿದ್ದೆ.

ಇಂಥಾದ್ರಾಗ ಒಂದು ದಿನ ಪಾರ್ಸಲ್ ಬಂತು. ಉದ್ದನ ಡಬ್ಬಿ, ಎತ್ತಿದ್ರ ಏನೂ ಇಲ್ಲದಂಗ ಹಗುರ. ಒಳಗ ತೆಳ್ಳನ ಹಲಗಿ. ನಮ್ಮನಿಯವರು ದೂರದಿಂದ ನೋಡಿ ಎದ್ದು ಹೋದ್ರು. ಇಪ್ಪತ್ತೇಳು ವರ್ಷದ ಹುಡುಗ, ಕೈಯಾಗ ಆಟಗಿ ಸಾಮಾನು. ಅವರ ಮನಸ್ಸಿನ್ಯಾಗ ಏನು ಬಂತು ಅನ್ನೂದು ಬಾಯಿಬಿಟ್ಟು ಹೇಳೂದು ಬೇಕಾಗಿರ್ಲಿಲ್ಲ.

ಈ ಬಾಲ್ಸಾ ಕಟಗಿ ದಕ್ಷಿಣ ಅಮೇರಿಕಾದ್ದು. ಹೆಚ್ಚಾಗಿ ಈಕ್ವೆಡಾರ್ ದೇಶದಿಂದ ಬರ್ತೈತಿ. ಗಿಡ ಭಾಳ ಲಗೂ ಬೆಳಿತೈತಿ, ಹತ್ತು ವರ್ಷದೊಳಗ ಕಡಿಯಾಕ ಬರ್ತೈತಿ. ಸ್ಪ್ಯಾನಿಷ್ ಭಾಷಾದಾಗ ಬಾಲ್ಸಾ ಅಂದ್ರ ತೆಪ್ಪ. 1947ರಾಗ ನಾರ್ವೆ ದೇಶದ ಥಾರ್ ಹೆಯರ್ಡಾಲ್ ಅನ್ನವರು ಈ ಗಿಡದ ದಿಮ್ಮಿ ಕಟ್ಟಿ ಕೋನ್-ಟಿಕಿ ಅನ್ನೂ ತೆಪ್ಪ ಮಾಡಿ, ಪೆರು ದೇಶದಿಂದ ಪೆಸಿಫಿಕ್ ಸಮುದ್ರ ದಾಟಿದ್ರು. ಎರಡನೇ ಮಹಾಯುದ್ಧದಾಗ ಇಂಗ್ಲೆಂಡಿನವರ ಮಾಸ್ಕಿಟೋ ವಿಮಾನದ ಮೈಯೊಳಗೂ ಎರಡು ಪ್ಲೈವುಡ್ ನಡುವ ಇದ ಕಟಗಿ ಇತ್ತು. ನಮಗ ತಿಳಿಯೂವಂಗ ಹೇಳ್ಬೇಕಂದ್ರ, ಮದುವಿ ಬಾಸಿಂಗ ಮಾಡೂ ಬೆಂಡು ನೋಡೀರಲ್ಲ, ಕೈಯಾಗ ಹಿಡದ್ರ ಅದರ ನೆಂಟಸ್ತಿಕಿದ್ದು ಅನಸ್ತೈತಿ. ಆದ್ರ ಬೆಂಡಿಗಿಂತ ಗಟ್ಟಿ. ಸಣ್ಣವರಿದ್ದಾಗ ಜ್ವಾಳದ ದಂಟು ಸುಲಿದು, ಒಳಗಿನ ಬೆಂಡಿಗೆ ಸಿಬರು ಚುಚ್ಚಿ ಚಕ್ಕಡಿ ಮಾಡ್ತಿದ್ದಿವಲ್ಲ, ಮಗನ ಕೆಲಸ ನೋಡಿದಾಗ ನನಗ ಅದ ನೆನಪಾತು.

"ಏನ್ ಮಾಡಾಕತ್ತಿಯೋ ಇದು?" ಅಂದೆ. ಅವ ಒಂದು ಗಜ್ಜರಿ ತಗೊಂಡು ಉದ್ದಕ ಸೀಳಿದ. ಅರ್ಧಾ ಹೋಳು ಕೈಯಾಗ ಹಿಡದು, ಸಪಾಟ ಮೈ ಮ್ಯಾಲೆ ಮಾಡಿ, ತುದಿ ಮುಂದ ಮಾಡಿ, "ಅವ್ವಾ, ಇದು ಹಾರ್ತೈತಿ" ಅಂದ. ನಾ ನಕ್ಕೆ. ನೀವಾದ್ರೂ ನಗತಿದ್ರಿ. 1962ರಾಗ ಅಮೇರಿಕಾದವರೂ ಹಂಗ ನಕ್ಕಿದ್ರು ಅಂತ ಆಮ್ಯಾಲೆ ತಿಳೀತು.

ಆ ಗಜ್ಜರಿ ಹೋಳಿನ ಹೆಸರು ಎಂ2-ಎಫ್1. ಅದರ ಹಿಂದಿನ ವಿಚಾರ ಹಿಂಗೈತಿ.

ಭೂಮಿ ಸುತ್ತೂ ನೌಕಿ ತಾಸಿಗೆ ಸುಮಾರು 28,000 ಕಿಲೋಮೀಟರ್ ಓಡ್ತಿರ್ತೈತಿ. ಅದು ಕೆಳಗಿಳಿದು ಗಾಳಿಯೊಳಗ ಹೊಕ್ಕಾಗ, ಮುಂದಿನ ಗಾಳಿಗೆ ಸರಿಯಾಕ ವ್ಯಾಳ್ಯಾ ಸಿಗಂಗಿಲ್ಲ. ಒತ್ತಿಕೊಂಡು ಬೆಂಕಿಯಂಗ ಕಾಯ್ತೈತಿ. ಚೂಪ ಮೂತಿ ಇದ್ರ ಆ ಕಾವು ಮೂತಿಗೇ ಬಡೀತೈತಿ. ಕ್ಯಾಲಿಫೋರ್ನಿಯಾದ ಏಮ್ಸ್ ಸಂಶೋಧನಾ ಕೇಂದ್ರದ ಹ್ಯಾರಿ ಜೂಲಿಯನ್ ಅಲೆನ್ ಅನ್ನವರು 1950ರ ದಶಕದ ಸುರುವಿನ್ಯಾಗ ಒಂದು ಉಲ್ಟಾ ಮಾತು ಹೇಳಿದ್ರು. ಮೂತಿ ಚೂಪ ಬ್ಯಾಡ, ಮೊಂಡ ಇರ್ಲಿ ಅಂತ. ಮಳಿಗಾಲದಾಗ ನೀರು ತುಂಬಿದ ರಸ್ತಾದಾಗ ಬಸ್ಸು ಹೋಗೂದು ನೋಡ್ರಿ, ಅದರ ಸಪಾಟ ಮುಖದ ಮುಂದ ನೀರಿನ ಗ್ವಾಡಿ ಏಳತೈತಿ. ಹಂಗ ಮೊಂಡ ಮೂತಿ ಮುಂದ ಕಾದ ಗಾಳಿ ಗ್ವಾಡಿಯಾಗಿ ದೂರ ನಿಂತು, ಹೆಚ್ಚಿನ ಕಾವು ಪಕ್ಕಕ್ಕ ಹೊಂಟು ಹೋಗ್ತೈತಿ.

ಅದಕ್ಕ ಮೊದಲಿನ ನೌಕಿಗಳು ಗಂಟಿ ಆಕಾರದ್ದು ಇದ್ವು. ಒಳಗಿನ ಮನಷ್ಯಾ ಸುಡಲಿಲ್ಲ, ಖರೆ. ಆದ್ರ ಗಂಟಿ ಹಾರಂಗಿಲ್ಲಲ್ಲ, ಬೀಳತೈತಿ. 1962ರ ಫೆಬ್ರವರಿ 20ಕ್ಕ ಜಾನ್ ಗ್ಲೆನ್ ಅವರು ಭೂಮಿಗೆ ಮೂರು ಸುತ್ತು ಹಾಕಿ ಬಂದಾಗ, ಪ್ಯಾರಾಚೂಟಿನ್ಯಾಗ ಜೋತು ಅಟ್ಲಾಂಟಿಕ್ ಸಮುದ್ರದಾಗ ಬಿದ್ರು, ಹಡಗದವರು ಬಂದು ಎತ್ತಿಕೊಂಡ್ರು. ಒಬ್ಬ ಮನಷ್ಯಾನ್ನ ಮನಿಗೆ ತರಾಕ ಸಮುದ್ರದ ತುಂಬ ಹಡಗ ನಿಲ್ಲಸಬೇಕು. ವಿಮಾನದಂಗ ನೆಟ್ಟಗ ಬಂದು ನೆಲಕ್ಕ ಇಳಿಯಾಕ ಬರಂಗಿಲ್ಲೇನು? ಬರ್ತೈತಿ, ಆದ್ರ ವಿಮಾನಕ್ಕ ರೆಕ್ಕಿ ಬೇಕು, ರೆಕ್ಕಿಯ ತೆಳ್ಳನ ಅಂಚು ಆ ಕಾವು ತಡಕೊಳ್ಳೂದು ಕಷ್ಟ.

ಅಲ್ಲೆ ಏಮ್ಸ್‌ದಾಗ ಆಲ್ಫ್ರೆಡ್ ಎಗ್ಗರ್ಸ್ ಮತ್ತ ಅವರ ಜೊತಿಯವರು ಹಾದಿ ಹುಡಿಕಿದ್ರು. ಮೊಂಡ ಮೂತಿಯ ಶಂಕುವನ್ನ ಉದ್ದಕ ಸೀಳಿ ಅರ್ಧಾ ಇಟ್ರ, ಆ ಮೈನ ಗಾಳಿಯೊಳಗ ಸ್ವಲ್ಪ ಎತ್ತಿ ಹಿಡೀತೈತಿ. ಬ್ಯಾರೆ ರೆಕ್ಕಿ ಬೇಕಾಗಿಲ್ಲ. ಇದ ನಮ್ಮ ಗಜ್ಜರಿ ಹೋಳು. ಲೆಕ್ಕದಾಗ ಛಲೋ ಬಂತು, ಗಾಳಿ ಸುರಂಗದ ಪರೀಕ್ಷಾದಾಗೂ ಬಂತು. ಆದ್ರ ಇದರಾಗ ಒಬ್ಬ ಮನಷ್ಯಾ ಕುಂತು, ನಿಧಾನ ಆದ ಮ್ಯಾಲೆ ಅದನ್ನ ಹತೋಟಿಯಾಗ ಹಿಡದು ನೆಲಕ್ಕ ಇಳಸಾಕ ಬರ್ತೈತಿ ಅಂತ ನಂಬೂವರು ಕಮ್ಮಿ. ನೋಡಿದವರಿಗೆ ಕಲ್ಲು ಬಿದ್ದಂಗ ಬೀಳತೈತಿ ಅನಸ್ತಿತ್ತು.

ಇಲ್ಲೆ ಡೇಲ್ ರೀಡ್ ಬರ್ತಾರ. ಅದ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯೊಳಗ, ರೋಜರ್ಸ್ ಅನ್ನೂ ಬತ್ತಿದ ಕೆರಿ ದಂಡಿಗೆ ನಾಸಾದ ಹಾರಾಟ ಸಂಶೋಧನಾ ಕೇಂದ್ರ ಐತಿ. ಅಲ್ಲೆ ಅವರು ಎಂಜಿನಿಯರು. ಮಾದರಿ ವಿಮಾನ ಮಾಡಿ ಹಾರಸೂದು ಅವರ ಹವ್ಯಾಸ. ನೌಕರಿಯಾಗ ನಿಜವಾದ ವಿಮಾನ, ಮನ್ಯಾಗ ಆಟಗಿ ವಿಮಾನ. ಏಮ್ಸ್‌ದವರ ಗಜ್ಜರಿ ಹೋಳಿನ ವಿಚಾರ ಕೇಳಿದಾಗ ಅವರು ಅರ್ಜಿ ಬರೀಲಿಲ್ಲ, ಸಣ್ಣದೊಂದು ಮಾದರಿ ಮಾಡಿದ್ರು.

ಅವರು ಹಾರಸಿದ ರೀತಿ ನನಗ ಭಾಳ ಸೇರ್ತು. ಮೊದಲ ಎತ್ತರ ಬೆಳದ ಹುಲ್ಲಿನೊಳಗ ತೂರಿದ್ರು. ಬಿದ್ರೂ ಮುರಿಯಂಗಿಲ್ಲ, ತೂಕ ಎಲ್ಲಿ ಹೆಚ್ಚು ಎಲ್ಲಿ ಕಮ್ಮಿ ಅಂತ ತಿಳೀತೈತಿ. ಅದು ಸರಿ ಆದ ಮ್ಯಾಲೆ ಕಟ್ಟಡದ ಮ್ಯಾಲಿಂದ ಕೈಲೆ ಬಿಟ್ರು, ಸ್ವಲ್ಪ ಹೆಚ್ಚು ಹೊತ್ತು ಹಾರ್ತು. ಕೊನಿಗೆ ಎಂಜಿನ್ ಇರೂ ಇನ್ನೊಂದು ಮಾದರಿ ವಿಮಾನಕ್ಕ ಕಟ್ಟಿ ಮುಗಿಲಿಗೆ ಎಳಿಸಿದ್ರು. ಆ ವಿಮಾನಕ್ಕ ಮದರ್‌ಶಿಪ್, ಅಂದ್ರ ತಾಯಿ ಅಂತ ಹೆಸರು. ಒಂದು ಟೈಮರ್ ಇಟ್ಟಿದ್ರು, ಹೊತ್ತಾದ ಕೂಡ್ಲೆ ತಾಯಿ ಕೂಸನ್ನ ಬಿಟ್ಟುಬಿಡೂದು. ಕೂಸು ತಾನ ತೇಲಕೋತ ಬಂದು ನೆಲಕ್ಕ ಇಳಿಯೂದು. ಕಲ್ಲಿನಂಗ ಬೀಳಲಿಲ್ಲ.

ಈ ಹಾರಾಟ ಸಿನೆಮಾ ತಗದಾಕಿ ರೀಡ್ ಅವರ ಹೆಂಡತಿ ಡೋನಾ. ಮನಿ ಕ್ಯಾಮೆರಾ, ಮಕ್ಕಳ ಹುಟ್ಟಿದಹಬ್ಬ ತಗಿಯೂವಂಥಾದ್ದು. ನಾಸಾದವರು ಇಟ್ಟ ಒಂದು ಹಳೆ ಫೋಟೋದಾಗ ಡೇಲ್ ರೀಡ್ ಅವರು ಕೈಯಾಗ ಮಾದರಿ ಹಿಡದು ದೊಡ್ಡ ವಿಮಾನದ ಮುಂದ ನಿಂತಾರ. ಫೋಟೋದ ಕೆಳಗ ಬರದ ಮಾತಿನ್ಯಾಗ ಡೋನಾನ ಹೆಸರು ಒಂದ ಒಂದು ಸಲ ಬರ್ತೈತಿ. ಮಗ ಅದನ್ನ ಓದಿ ಹೇಳಿ ಮುಂದ ಹೋದ. ನಾನೂ ಅವತ್ತು ಮುಂದ ಹೋದೆ. ಅಲ್ಲೆ ನಿಲ್ಲಬೇಕಿತ್ತು ಅಂತ ತಿಳಿದಿದ್ದು ನನ್ನ ಕೈಗೆ ಫೋನು ಬಂದಾಗ.

ನಮ್ಮ ಮಾದರಿ ಎರಡು ಫೂಟು ಉದ್ದ. ನಿಜವಾದ ಎಂ2-ಎಫ್1 ಇಪ್ಪತ್ತು ಫೂಟು, ಅಂದ್ರ ಇದು ಹತ್ತನೇ ಒಂದು ಪಾಲು. ಮಗ ಮೊದಲ ಅರ್ಧಚಂದ್ರ ಆಕಾರದ ಹೋಳು ಕತ್ತರಿಸಿ, ಸಣ್ಣದರಿಂದ ದೊಡ್ಡದಕ್ಕ ಸಾಲಾಗಿ ನಿಲ್ಲಿಸಿದ. ಅವಕ್ಕ ಉದ್ದನ ಕಡ್ಡಿ ಅಂಟಿಸಿದ, ಪಂಜರದಂಗ ಕಾಣತಿತ್ತು. ಅದರ ಮ್ಯಾಲೆ ತೆಳ್ಳನ ಹಾಳಿಯಂಥಾ ಬಾಲ್ಸಾ ಒದ್ದಿ ಮಾಡಿ ಬಗ್ಗಿಸಿ ಹಚ್ಚಿದ. ಹಿಂದ ಎರಡೂ ಕಡೆ ನಿಂತ ಬಾಲ, ಅವುಗಳ ಹೊರಗ ಆನಿ ಕಿವಿಯಂಗ ಎರಡು ಹಲಗಿ. ತಿಕ್ಕಿ ತಿಕ್ಕಿ ನುಣ್ಣಗ ಮಾಡಿದ. ಆ ತಿಕ್ಕಿದ್ದ ನಮ್ಮ ಸಾರಿನ್ಯಾಗ ಬಂದಿದ್ದು.

ಕೈಲೆ ತೂರಿದ್ರ ಮೂತಿ ಮ್ಯಾಲೆತ್ತಿ ಹಿಂದಕ್ಕ ಬೀಳಾಕತ್ತು. "ಮುಂದ ತೂಕ ಬೇಕು, ಎಷ್ಟು ಅಂತ ತಿಳೀವಲ್ದು" ಅಂದ. ನಾ ಚಪಾತಿ ಕಣಕ ನಾದಾಕತ್ತಿದ್ದೆ. ಒಂದು ಉಂಡಿ ಹರದು ಕೊಟ್ಟೆ. "ಇದನ್ನ ಮೂತಿಗೆ ಮೆತ್ತಿ ನೋಡು. ಹೆಚ್ಚಾದ್ರ ಚಿವುಟು, ಕಮ್ಮಿಯಾದ್ರ ಹಚ್ಚು." ಪಕ್ಕದ ಖಾಲಿ ಸೈಟಿನ್ಯಾಗ ಸೊಂಟದ ಮಟ ಹುಲ್ಲು ಬೆಳದಿತ್ತು, ಅಲ್ಲೆ ತೂರಿ ತೂರಿ ನೋಡಿದ. ಹನ್ನೊಂದನೇ ಸಲಕ್ಕ ನೆಟ್ಟಗ ಹೋತು. ಕಣಕ ಬಿಚ್ಚಿ ಅಡಗಿಮನಿ ಕಾಟಾದ ಮ್ಯಾಲೆ ಇಟ್ವಿ, 38 ಗ್ರಾಂ. ಅಷ್ಟ ತೂಕದ ಸೀಸದ ತುಂಡು ಒಳಗ ಅಂಟಿಸಿದ. ಕಣಕ ಒಣಗಿದ್ರ ತೂಕ ಇಳೀತೈತಿ, ಸೀಸ ಇಳಿಯಂಗಿಲ್ಲ.

ಮರುದಿನ ಮಾಳಗಿ ಏರಿದ್ವಿ. "ಅವ್ವಾ, ನೀ ವಿಡಿಯೋ ಹಿಡಿ" ಅಂದು ಫೋನು ಕೈಗೆ ಕೊಟ್ಟ. ಸಂಜಿ ಹೊತ್ತು, ಗಾಳಿ ನಿಂತಿತ್ತು. ಅವ ಎರಡು ಹೆಜ್ಜಿ ಓಡಿ ಬಿಟ್ಟ. ಏನ್ ಹೇಳ್ಲಿ, ಆ ಗಜ್ಜರಿ ಹೋಳು ಸ್ವಲ್ಪ ಅತ್ತಿತ್ತ ಒಲೀತು, ಆದ್ರ ಬೀಳಲಿಲ್ಲ. ಹುಲ್ಲಿನ ಮ್ಯಾಲೆ ಹಾದು ಬೇವಿನ ಗಿಡದತನಕ ಹೋತು. ಮಗ ಕುಣದಾಡಿದ. ನಾನೂ ಕುಣದೆ. ಆಮ್ಯಾಲೆ ಫೋನು ನೋಡಿದ್ವಿ. ಅದರಾಗ ಏನಿತ್ತು ಗೊತ್ತೇನ್ರಿ? ಮಾಳಗಿ ಗ್ವಾಡಿ, ನನ್ನ ಪಾದ, ಒಂದು ಚೂರು ಮುಗಿಲು, ಮತ್ತ "ಅಯ್ಯ ಅಯ್ಯ ಅಯ್ಯ" ಅನ್ನೂ ನನ್ನ ದನಿ. ವಿಮಾನ ಇಲ್ಲ.

ಮಗ ಬೈಲಿಲ್ಲ. ಆದ್ರ ಅವನ ಮಾರಿ ಸಣ್ಣದಾತು. ಅದ್ಯಾಕ ಅಂತ ನನಗ ಗೊತ್ತಿತ್ತು. ಆ ವಿಡಿಯೋ ಯಾರಿಗೆ ತೋರಸಬೇಕಂತ ಮಾಡಿದ್ದ ಅನ್ನೂದು ಅವ ಹೇಳಿರ್ಲಿಲ್ಲ, ನಾ ಕೇಳಿರ್ಲಿಲ್ಲ. ಪಡಸಾಲಿಯಾಗ ಪೇಪರ್ ಓದಕೋತ ಕುಂತವರು ಮಾಳಗಿಗೆ ಬರಂಗಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅವತ್ತು ರಾತ್ರಿ ನಿದ್ದಿ ಬರ್ಲಿಲ್ಲ, ಡೋನಾನ ವಿಚಾರ ಬಂತು. ನನ್ನ ಕೈಯಾಗ ಇದ್ದಿದ್ದು ಫೋನು. ತಪ್ಪಿದ್ರ ಅಳಿಸಿ ಮತ್ತ ತಗಿಬಹುದು. ಆಗಿನ ಕ್ಯಾಮೆರಾಕ್ಕ ರೀಲು. ಒಂದು ರೀಲು ಕೆಲವ ನಿಮಿಷಕ್ಕ ಮುಗೀತೈತಿ, ತೊಳಿಸಿ ತರೂತನಕ ಬಂದೈತೋ ಇಲ್ಲೋ ತಿಳಿಯಂಗಿಲ್ಲ. ಸಣ್ಣ ಕಂಡಿಯೊಳಗ ಒಂದು ಕಣ್ಣಿಟ್ಟು, ಮುಗಿಲಿನ್ಯಾಗ ಹಕ್ಕಿಯಷ್ಟು ಕಾಣೂದನ್ನ ಹುಡುಕಿ, ಅದು ತಾಯಿಯಿಂದ ಬಿಟ್ಟಾಗಿಂದ ನೆಲ ಮುಟ್ಟೂತನಕ ಕೈ ನಡಗದಂಗ ಅದರ ಹಿಂದ ತಿರಗಬೇಕು. ಗಂಡ ಕುಣದ್ರೂ ತಾ ಕುಣಿಯಂಗಿಲ್ಲ. ಅದಕ್ಕೂ ಅಭ್ಯಾಸ ಬೇಕು, ತಾಳ್ಮಿ ಬೇಕು. ಆ ಹಾರಾಟ ಡೇಲ್ ರೀಡ್ ಅವರ ಕೈಯಾಗಿನ ಮಾದರಿ ಮಾಡಿದ್ದು ಖರೆ. ಆದ್ರ ಹಾರ್ತು ಅನ್ನೂ ಸಾಕ್ಷಿ ಡೋನಾನ ಕೈಯಾಗಿಂದು.

ಸಾಕ್ಷಿ ಯಾಕ ಬೇಕಿತ್ತು ಅಂದ್ರ, ರೀಡ್ ಅವರ ಮ್ಯಾಲಿನವರನ್ನ ಒಪ್ಪಸಬೇಕಾಗಿತ್ತು. ಕೇಂದ್ರದ ಮುಖ್ಯಸ್ಥರು ಪಾಲ್ ಬಿಕಲ್. ಅವರು ಸುಮ್ಮನ ಕುರ್ಚಿ ಮ್ಯಾಲಿನ ಅಧಿಕಾರಿ ಅಲ್ಲ. ಎಂಜಿನ್ ಇಲ್ಲದ ಗ್ಲೈಡರ್‌ನ್ಯಾಗ 1961ರ ಫೆಬ್ರವರಿ 25ಕ್ಕ 46,267 ಫೂಟು ಏರಿ ವಿಶ್ವದಾಖಲೆ ಮಾಡಿದ್ದವರು. ಗಾಳಿ ಅಂದ್ರ ಏನು, ತೇಲೂದು ಅಂದ್ರ ಏನು ಅಂತ ಮೈಯಿಂದ ಬಲ್ಲವರು. ಅವರೂ, ಮಿಲ್ಟ್ ಥಾಂಪ್ಸನ್ ಅನ್ನೂ ಪೈಲಟ್ಟೂ, ಇನ್ನ ಕೆಲವು ಎಂಜಿನಿಯರುಗಳೂ ಆ ಮಾದರಿ ಅಲಗಾಡದ ತೇಲಿ ಬರೂದು ನೋಡಿ, ಇದರಾಗ ಮನಷ್ಯಾನ್ನ ಕೂಡಸಿ ಹಾರಸಬಹುದು ಅಂತ ನಂಬಿದ್ರು. ಮಾತಿಗೆ ಒಪ್ಪದವರು ಕಣ್ಣಿಗೆ ಒಪ್ಪಿದ್ರು.

1962ರಾಗ ಬಿಕಲ್ ಅವರು ಕೇಂದ್ರದ ಕೈಯೊಳಗಿನ ರೊಕ್ಕದಾಗ, ಸುಮಾರು 30,000 ಡಾಲರ್ ಖರ್ಚಿನ್ಯಾಗ ಮಾಡ್ರಿ ಅಂದ್ರು. ಬಾಹ್ಯಾಕಾಶದ ಕೆಲಸಕ್ಕ ಅದು ಉಪ್ಪಿನಕಾಯಿಯಷ್ಟು ರೊಕ್ಕ. ಒಳಗಿನ ಕಬ್ಬಿಣ ಕೊಳವಿ ಪಂಜರ ಅವರ ವರ್ಕ್‌ಶಾಪಿನ್ಯಾಗ ಆತು. ಮ್ಯಾಲಿನ ಪ್ಲೈವುಡ್ ಚಿಪ್ಪು ಮಾಡಿದವರು ಸಮೀಪದ ಎಲ್ ಮಿರಾಜ್‌ದಾಗ ಗ್ಲೈಡರ್ ಕಟ್ಟತಿದ್ದ ಗಸ್ ಬ್ರೀಗ್ಲೆಬ್. ನಮ್ಮ ಬಾಲ್ಸಾ ಮಾದರಿಯಂಗ ಅದೂ ಪಂಜರದ ಮ್ಯಾಲೆ ಕಟಗಿ ಹಾಳಿ ಹಚ್ಚಿದ್ದ! ಅದನ್ನ ನೋಡಿದವರು ಹಾರೂ ಬಾತ್‌ಟಬ್ ಅಂತ ಚಾಷ್ಟಿ ಮಾಡ್ತಿದ್ರು.

ಎಂಜಿನ್ ಇಲ್ಲದ ಟಬ್ಬು ಹಾರೂದು ಹೆಂಗ? ಎಳೀಬೇಕು. ಜೋರು ಎಂಜಿನ್ ಕೂಡಿಸಿದ ಪಾಂಟಿಯಾಕ್ ಕಾರು ತಂದ್ರು. ಆ ಬತ್ತಿದ ಕೆರಿಯ ಸಪಾಟ ನೆಲದ ಮ್ಯಾಲೆ ತಾಸಿಗೆ 190 ಕಿಲೋಮೀಟರ್ ತನಕ ಓಡಿಸಿ, ಹಗ್ಗದಿಂದ ಎಳದ್ರು. ಮಕ್ಕಳು ಪಟಕ್ಕ ದಾರ ಕಟ್ಟಿ ಓಡೂವಂಗ. 1963ರ ಏಪ್ರಿಲ್ 5ಕ್ಕ ಮಿಲ್ಟ್ ಥಾಂಪ್ಸನ್ ಒಳಗ ಕುಂತು ಹಿಂಗ ಎಳಿಸಿಕೊಂಡ್ರು. ಮೊದಮೊದಲ ಅದು ನೆಲದ ಮ್ಯಾಲೆ ಪುಟಿದಾಡ್ತು. ಚುಕ್ಕಾಣಿ ಜೋಡಣಿ ಬದಲಿ ಮಾಡಿ, ಮತ್ತ ಮತ್ತ ಎಳದು ಸರಿ ಮಾಡಿದ್ರು. ಆಗಸ್ಟ್ 16ಕ್ಕ ಸಿ-47 ಅನ್ನೂ ವಿಮಾನ ಅದನ್ನ 12,000 ಫೂಟಿಗೆ ಎಳಕೊಂಡು ಹೋಗಿ ಬಿಡ್ತು. ಥಾಂಪ್ಸನ್ ಅವರು ಒಂದೆರಡು ನಿಮಿಷ ತೇಲಿ ಬಂದು ಕೆರಿ ಮ್ಯಾಲೆ ಸುರಕ್ಷಿತ ಇಳದ್ರು. ತಾಯಿ ಎಳಕೊಂಡು ಹೋಗೂದು, ಬಿಡೂದು, ಕೂಸು ತಾನ ಇಳಿಯೂದು. ಎಲ್ಲಾ ಡೋನಾನ ಸಿನೆಮಾದಾಗ ಆಗಿ ಹೋಗಿದ್ದ. ಆ ಟಬ್ಬು ಕಾರಿನ ಹಿಂದ 400 ಸಲದ ಮ್ಯಾಲೆ, ವಿಮಾನದ ಹಿಂದ 77 ಸಲ ಹಾರಾಟ ಮಾಡ್ತು.

ಎಲ್ಲಾ ಸುಸೂತ್ರ ಆತು ಅಂತ ತಿಳೀಬ್ಯಾಡ್ರಿ. ಮುಂದ ಲೋಹದ್ದು ಮಾಡಿದ್ರು, ಎಂ2-ಎಫ್2. ಅದು ಬಾಜುಕ ಬಾಜುಕ ಒಲ್ಯಾಡ್ತಿತ್ತು. 1967ರ ಮೇ 10ಕ್ಕ ಇಳಿಯೂ ಹೊತ್ತಿನ್ಯಾಗ ಬ್ರೂಸ್ ಪೀಟರ್ಸನ್ ಅನ್ನೂ ಪೈಲಟ್ಟು ಅದರಾಗ ನೆಲಕ್ಕ ಬಡದ್ರು. ಯಂತ್ರ ಹೊಳ್ಳಿ ಹೊಳ್ಳಿ ಬಿತ್ತು. ಅವರು ಜೀವಕ್ಕ ಉಳದ್ರು, ಆದ್ರ ಒಂದು ಕಣ್ಣು ಹೋತು. ಇಷ್ಟಾದ್ರೂ ಅವರ ಜೊತಿಯವರು ಆ ಯಂತ್ರ ಗುಜರಿಗೆ ಹಾಕಲಿಲ್ಲ. ಎಲ್ಲಿ ತಪ್ಪಾತು ಅಂತ ಹುಡಿಕಿದ್ರು. ಎರಡು ಬಾಲದ ನಡುವ ಮೂರನೇ ಬಾಲ ಹಚ್ಚಿ, ಎಂ2-ಎಫ್3 ಅಂತ ಹೆಸರಿಟ್ಟು 1970ರಾಗ ಮತ್ತ ಹಾರಿಸಿದ್ರು. ಒಲ್ಯಾಡೂದು ಹತೋಟಿಗೆ ಬಂತು.

ಇದ ಸಾಲಿನ ಎಕ್ಸ್-24ಬಿ ಅನ್ನೂದನ್ನ 1975ರ ಆಗಸ್ಟ್ 5ಕ್ಕ ಜಾನ್ ಮಂಕಿ ಅನ್ನವರು ಎಂಜಿನ್ ಬಂದಾದ ಮ್ಯಾಲೆ ಬರೇ ತೇಲಕೋತ ಬಂದು ಕಾಂಕ್ರೀಟ್ ರನ್‌ವೇ ಮ್ಯಾಲೆ ಇಳಿಸಿದ್ರು. ಟಿವಿಯೊಳಗ ನಾವೆಲ್ಲಾ ನೋಡಿದ ಸ್ಪೇಸ್ ಶಟಲ್‌ಗೆ ರೆಕ್ಕಿ ಇದ್ವು, ಮೈಗೆಲ್ಲಾ ಕಾವು ತಡಿಯೂ ಬಿಲ್ಲೆ ಇದ್ವು. ಆದ್ರ ಇಳಿಯೂ ಹೊತ್ತಿಗೆ ಎಂಜಿನ್ ಇಲ್ಲದ ತೇಲಿ ಬರೂ ಧೈರ್ಯ ಈ ಗಜ್ಜರಿ ಹೋಳುಗಳಿಂದ ಬಂದದ್ದು.

ಅದ ಶಟಲ್‌ನ ಕಥಿಯೊಳಗೂ ಆಟಗಿ ಬರ್ತೈತಿ ನೋಡ್ರಿ. ಶಟಲ್‌ನ್ನ ದೊಡ್ಡ 747 ವಿಮಾನದ ಬೆನ್ನ ಮ್ಯಾಲೆ ಹೇರಿ ಒಯ್ಯೂದು, ಮುಗಿಲಿನ್ಯಾಗ ಬಿಡೂದು ಆಗ್ತೈತೇನು ಅನ್ನೂ ಅನುಮಾನ ಭಾಳ ಮಂದಿಗೆ ಇತ್ತು. ಹ್ಯೂಸ್ಟನ್‌ದಾಗ ನಾಸಾದ ಎಂಜಿನಿಯರ್ ಜಾನ್ ಕೈಕರ್ ಅವರೂ ಮಾದರಿ ವಿಮಾನದ ಹುಚ್ಚಿನವರು. ನಲವತ್ತನೇ ಒಂದು ಪಾಲಿನಷ್ಟು ಸಣ್ಣ ಮಾದರಿ ಮಾಡಿ, ರೇಡಿಯೋದಿಂದ ಹಾರಿಸಿ, ಬೆನ್ನ ಮ್ಯಾಲಿಂದ ಬಿಡಿಸಿ ತೋರಿಸಿದ್ರು. 1977ರ ಆಗಸ್ಟ್ 12ಕ್ಕ ಎಂಟರ್‌ಪ್ರೈಸ್ ಅನ್ನೂ ನಿಜವಾದ ಶಟಲ್ 747ರ ಬೆನ್ನಿಂದ ಬಿಟ್ಟು, ಅದ ಮರುಭೂಮಿಯ ಕೆರಿ ನೆಲಕ್ಕ ಇಳೀತು. ಅದರಾಗ ಫ್ರೆಡ್ ಹೇಸ್, ಗಾರ್ಡನ್ ಫುಲರ್ಟನ್ ಇದ್ರು.

ಇದೆಲ್ಲಾ ದೂರದ ಮಾತು ಅನ್ನಬ್ಯಾಡ್ರಿ. ನಾವು ಬೆಂಗಳೂರಿಗೆ ಹೋಗೂವಾಗ ಚಹಾಕ್ಕ ಇಳಿತೀವಲ್ಲ ಚಿತ್ರದುರ್ಗ, ಅದ ಜಿಲ್ಲಾದ ಚಳ್ಳಕೆರಿ ಸಮೀಪದ ಪರೀಕ್ಷಾ ನೆಲದಾಗ ನಮ್ಮ ಇಸ್ರೋದವರೂ ಇದ ಪಾಠ ಮಾಡ್ಯಾರ. 2023ರ ಏಪ್ರಿಲ್ 2ಕ್ಕ ವಾಯುಸೇನೆಯ ಚಿನೂಕ್ ಹೆಲಿಕಾಪ್ಟರ್ ನಮ್ಮ ರೆಕ್ಕಿ ಇರೂ ನೌಕಿಯನ್ನ ಜೋತು ಹಾಕ್ಕೊಂಡು ನಾಕೂವರಿ ಕಿಲೋಮೀಟರ್ ಎತ್ತರಕ್ಕ ಒಯ್ದು ಬಿಡ್ತು. ಒಳಗ ಮನಷ್ಯಾರು ಯಾರೂ ಇಲ್ಲ. ಅದು ತಾನ ಹಾದಿ ಹಿಡದು, ಬೆಳಿಗ್ಗೆ 7 ಗಂಟಿ 40 ನಿಮಿಷಕ್ಕ ರನ್‌ವೇ ಮ್ಯಾಲೆ ಇಳೀತು. ನಾವು ಆ ಹೊತ್ತಿಗೆ ಒಗ್ಗರಣಿ ಹಾಕಾಕತ್ತಿರ್ತೀವಿ! 2024ರಾಗ ಮಾರ್ಚ್ 22ಕ್ಕೂ ಜೂನ್ 23ಕ್ಕೂ ಮತ್ತ ಎರಡು ಸಲ ಮಾಡಿ ತೋರಿಸಿದ್ರು. ಪುಷ್ಪಕ್ ಅಂತ ಹೆಸರಿಟ್ಟಾರ. ಇಲ್ಲೂ ತಾಯಿ ಎತ್ತಿ ಒಯ್ಯೂದು, ಬಿಡೂದು, ಕೂಸು ಇಳಿಯೂದು.

ಈಗ ಮತ್ತ ನಮ್ಮ ಮಾಳಗಿಗೆ ಬರ್ರಿ. ಮೊದಲಿನ ಸಲ ತಪ್ಪಿದ ಮ್ಯಾಲೆ ನಾ ಎರಡು ದಿನ ಅಭ್ಯಾಸ ಮಾಡಿದೆ. ನಗಬ್ಯಾಡ್ರಿ. ಬೇವಿನ ಗಿಡದಿಂದ ಹಾರೂ ಕಾಗಿ ಹಿಂದ ಫೋನು ತಿರಗಿಸಿ ತಿರಗಿಸಿ ಕೈ ಸರಿ ಮಾಡಿಕೊಂಡೆ. ಮೊಣಕೈ ಹೊಟ್ಟಿಗೆ ಒತ್ತಿ ಹಿಡಕೊಂಡ್ರ ಕೈ ನಡಗಂಗಿಲ್ಲ, ನೆನಪಿಡ್ರಿ, ಮಕ್ಕಳ ಕುಣಿತ ತಗಿಯಾಕ ಉಪಯೋಗಕ್ಕ ಬರ್ತೈತಿ. ಮೂರನೇ ದಿನ ಮಗ ಬಿಟ್ಟ. ನಾ ಹಾರೂದು ನೋಡಲಿಲ್ಲ, ಬರೇ ಫೋನಿನ ಗಾಜು ನೋಡಿದೆ. ಬಾಯಿ ಬಿಗಿ ಹಿಡದೆ. ಈ ಸಲ ಎಲ್ಲಾ ಬಂತು, ಬಿಟ್ಟಾಗಿಂದ ಹುಲ್ಲಿಗೆ ಇಳಿಯೂತನಕ.

ರಾತ್ರಿ ಊಟ ಆದ ಮ್ಯಾಲೆ ನಮ್ಮನಿಯವರ ಮುಂದ ಫೋನು ಇಟ್ಟೆ. "ನಾ ತಗದೀನಿ, ಛಲೋ ಬಂದೈತೇನು ನೋಡ್ರಿ" ಅಂದೆ. ಮಗ ಮಾಡಿದ್ದು ಅಂತ ಅನ್ನಲಿಲ್ಲ. ಅವರು ಚಷ್ಮಾ ಹಾಕ್ಕೊಂಡು ನೋಡಿದ್ರು. ಏನೂ ಅನ್ನಲಿಲ್ಲ. ಮತ್ತೊಮ್ಮೆ ನೋಡಿದ್ರು. ಮೂರನೇ ಸಲ ನಡುವ ನಿಲ್ಲಿಸಿ, ಬೆರಳೀಲೆ ದೊಡ್ಡದು ಮಾಡಿ ನೋಡಿದ್ರು. ನಾ ಪಾತ್ರಿ ತಿಕ್ಕಾಕತ್ತಿದ್ದೆ, ಕಿವಿ ಅಲ್ಲೆ ಇತ್ತು.

"ಒಲ್ಯಾಡಾಕತ್ತೈತಿ ಇದು" ಅಂದ್ರು. ನನಗಲ್ಲ, ಪಡಸಾಲಿ ಕಡೆ ಮಾರಿ ಮಾಡಿ ಜೋರಾಗಿ ಅಂದ್ರು. "ನಡುವ ಇನ್ನೊಂದು ಬಾಲ ಯಾಕ ಹಚ್ಚಬಾರದು?"

ಅವರಿಗೆ ಪೀಟರ್ಸನ್ ಕಥಿ ಯಾರೂ ಹೇಳಿರ್ಲಿಲ್ಲ. ಮೂವತ್ತನಾಕು ವರ್ಷ ಬಸ್ಸಿನ ಕೆಳಗ ಮಲಗಿ, ಒಲ್ಯಾಡೂದು ಎಲ್ಲಿಂದ ಬರ್ತೈತಿ ಅಂತ ನೋಡಿದ ಕಣ್ಣು ಅವು.

ಮಗ ಒಳಗ ಬಂದ. ಇಬ್ಬರೂ ಹಾಳಿ ಪೆನ್ಸಿಲ್ ಹಿಡದು ಕುಂತ್ರು. ಮರುದಿನ ನಮ್ಮನಿಯವರು ತಾವ ಬ್ಲೇಡ್ ಹಿಡದು ಬಾಲ್ಸಾ ಕೊಯ್ದ್ರು, "ಏನೂ ತೂಕ ಇಲ್ಲಲೇ ಇದಕ್ಕ!" ಅಂತ ಅನಕೋತ. ಮೂರನೇ ಬಾಲ ಹಚ್ಚಿದ ಮ್ಯಾಲೆ ಮೂತಿಗೆ ಇನ್ನೊಂದು ಚೂರು ಕಣಕ ಬೇಕಾತು, ಅದನ್ನೂ ನಾನ ಕೊಟ್ಟೆ. ಸಂಜಿಕ ಮೂವರೂ ಮಾಳಗಿ ಏರಿದ್ವಿ. ಫೋನು ತಗಿಯಾಕ ಹೋದ್ರ ನಮ್ಮನಿಯವರು ಕೈ ಚಾಚಿದ್ರು. "ತಾ ಇಲ್ಲೆ. ನೀ ಇವತ್ತು ನೋಡು."

ನೋಡಿದೆ. ಎರಡೂ ಕಣ್ಣೀಲೆ ನೋಡಿದೆ. ನೆಟ್ಟಗ ಹೋತು, ಒಲೀಲಿಲ್ಲ. ಡೋನಾಗ ಎಂದರೆ ಯಾರರ ಹಿಂಗ ಕ್ಯಾಮೆರಾ ಇಸಗೊಂಡು "ನೀ ನೋಡು" ಅಂದಿದ್ರ ಛಲೋ ಇತ್ತು ಅನಿಸ್ತು.

ನಮ್ಮನಿಯವರು ತಗದ ವಿಡಿಯೋದಾಗ ವಿಮಾನ ಅರ್ಧಾ ಅಷ್ಟ ಬಂದೈತಿ, ಉಳಿದಿದ್ದು ಅವರ ಹೆಬ್ಬೆರಳು. ಇರ್ಲಿ ಬಿಡ್ರಿ, ಅದಕ್ಕೂ ಅಭ್ಯಾಸ ಬೇಕು. ನೌಕರಿ ಮಾತು ಆಮ್ಯಾಲೆ ಬಂತು, ನವರಾತ್ರಿ ಹೊತ್ತಿಗೆ. ಇಬ್ಬರೂ ಎದುರೆದುರು ಕುಂತು ಮಾತಾಡಿದ್ರು, ಸ್ವಲ್ಪ ಜೋರಾಗೇ ಮಾತಾಡಿದ್ರು. ನಾ ಅಡಗಿಮನ್ಯಾಗ ಹೋಳಗಿ ಬೇಯಿಸಾಕತ್ತಿದ್ದೆ, ನಡುವ ಹೋಗಲಿಲ್ಲ. ಟಪಾಲ ಹಂಚೂ ಕೆಲಸ ಅವತ್ತಿಗೆ ಬಿಟ್ಟೆ.